ಒಂದೇ ಲೋಟ ಕಾಫಿಗೆ ಯಾವ ಸಾಧನ?

(ಬೆಂಗಳೂರಿನ ಬಡಾವಣೆಯೊಂದರ ಹಿರಿಯ ನಾಗರಿಕರ ತಿಂಗಳ ಕೂಟದಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಕಳೆದ ತಿಂಗಳು ಇದೇ ಜಾಗದಲ್ಲಿ ಹೊಯ್ಸಳ ಶಿಲ್ಪದ ಬಗ್ಗೆ ಉಪನ್ಯಾಸ ನಡೆಯಿತೆಂದು ಕೇಳಿದೆ. ಅದರ ಬೆನ್ನಿಗೇ ಪತ್ರಿಕೆಯ ಕಡೆಯಿಂದ ಒಬ್ಬ ಕಿರಿಯ ವರದಿಗಾರರು ಬಂದು ಕಾಫಿ ಫಿಲ್ಟರಿನ ಬಗ್ಗೆ ಮಾತನಾಡುತ್ತಾರೆ ಎಂದರೆ, 'ಇದೇನು ಇಳಿತ' ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಆದರೆ ಈ ವಿಷಯ ಆರಿಸಿದ್ದು ನಾನಲ್ಲ. ಕೂಟದ ಕಾರ್ಯದರ್ಶಿಗಳು ಫೋನ್ ಮಾಡಿ, "ನಮ್ಮಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ಒಬ್ಬರೇ ಇರೋರು. ಮಕ್ಕಳೆಲ್ಲ ದೂರ. ಒಂದು ಲೋಟ ಕಾಫಿ ಮಾಡಿಕೊಳ್ಳೋಕೆ ಯಾವ ಮಿಷನ್ನು ತಗೋಬೇಕು ಅಂತ ದಿನಾ ಚರ್ಚೆ. ಅದನ್ನೇ ಹೇಳಿ" ಎಂದರು. ಪ್ರಶ್ನೆ ಸಣ್ಣದೆಂದುಕೊಂಡು ಒಪ್ಪಿಕೊಂಡೆ. ಓದುತ್ತಾ ಹೋದಂತೆ ಅದರ ಹಿಂದೆ ಇನ್ನೂರು ವರ್ಷಗಳ ಕಥೆ ಇರುವುದು ಗೊತ್ತಾಯಿತು.

ನಮ್ಮ ಊರಿನ ಕಾಫಿ ಅಭ್ಯಾಸ ಒಂದು ಲೋಟಕ್ಕೆ ಹೊಂದುವುದಲ್ಲ. ಹೋಟೆಲಿನಲ್ಲಿ ಒಂದು ಕಾಫಿ ತರಿಸಿ ಇಬ್ಬರು ಹಂಚಿಕೊಳ್ಳುವ 'ಬೈಟು' ಪದ್ಧತಿ ನಮ್ಮದು. ಮನೆಯಲ್ಲಿ ಬೆಳಿಗ್ಗೆ ಒಮ್ಮೆ ಡಿಕಾಕ್ಷನ್ ಹಾಕಿದರೆ ಎದ್ದವರಿಗೆ, ಏಳುವವರಿಗೆ, ಹಾಲಿನವನಿಗೆ, ಅಕಸ್ಮಾತ್ ಬಂದ ನೆಂಟರಿಗೆ ಎಲ್ಲರಿಗೂ ಅದರಲ್ಲೇ ಆಗಬೇಕು. ಹಾಗಾಗಿ ನಮ್ಮ ಮನೆಗಳ ಫಿಲ್ಟರುಗಳೆಲ್ಲ ದೊಡ್ಡವು. ಮನೆಯಲ್ಲಿ ಒಬ್ಬರೇ ಉಳಿದಾಗ ಮೊದಲು ಎಡವುವುದು ಇಲ್ಲಿಯೇ. ಇದನ್ನು ನಾನು ನನ್ನ ತಾತನ ಮನೆಯಲ್ಲಿ ನೋಡಿದೆ.

ತಾತನ ಫಿಲ್ಟರು

ತಾತ ಇರುವುದು ಸಕಲೇಶಪುರದಲ್ಲಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಎರಡು ವರ್ಷದ ಹಿಂದೆ ಅಜ್ಜಿ ತೀರಿಕೊಂಡರು. ಅಡುಗೆಗೆ ಒಬ್ಬರು ಬಂದುಹೋಗುತ್ತಾರೆ, ಆದರೆ ಬೆಳಗಿನ ಐದೂವರೆಯ ಕಾಫಿಗೆ ಯಾರೂ ಇಲ್ಲ. ಐವತ್ತು ವರ್ಷ ಅಜ್ಜಿ ಕೊಟ್ಟ ಕಾಫಿ ಕುಡಿದ ತಾತ ಮೊದಲ ಸಲ ತಾವೇ ಡಿಕಾಕ್ಷನ್ ಹಾಕಿಕೊಂಡರು. ಎಂಟು ಜನರಿಗೆ ಸಾಲುವ ಹಿತ್ತಾಳೆಯ ಹಳೆಯ ಫಿಲ್ಟರಿಗೆ ಎರಡು ಚಮಚ ಪುಡಿ ಹಾಕಿ ಒಂದು ಲೋಟ ಕುದಿನೀರು ಸುರಿದರು. ಐದೇ ನಿಮಿಷದಲ್ಲಿ ನೀರು ಇಳಿದುಬಿಟ್ಟಿತು. ಹಾಲಿಗೆ ಬೆರೆಸಿದರೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಮರುದಿನ ಪುಡಿ ಸ್ವಲ್ಪ ಹೆಚ್ಚು ಹಾಕಿದರು. ಆಗಲೂ ಅಷ್ಟೇ.

ನಾನು ಊರಿಗೆ ಹೋದಾಗ ಫಿಲ್ಟರು ಅಟ್ಟ ಸೇರಿತ್ತು. "ಯಾಕೆ ತಾತ, ಕಾಫಿ ಬಿಟ್ಟುಬಿಟ್ರಾ?" ಎಂದು ಕೇಳಿದೆ. "ನಿಮ್ಮಜ್ಜಿ ಕೈಗುಣ ಪುಟ್ಟಿ, ಅವಳ ಜೊತೆಗೇ ಹೋಯ್ತು. ನನ್ನ ಕೈಗೆ ಅದು ಬರಲ್ಲ" ಎಂದರು.

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ತಿಂಗಳುಗಳ ನಂತರ ಈ ವಿಷಯ ಓದಲು ಕುಳಿತಾಗಲೇ ತಿಳಿದದ್ದು: ತಪ್ಪು ತಾತನ ಕೈಯದ್ದಾಗಿರಲಿಲ್ಲ, ಪಾತ್ರೆಯ ಅಗಲದ್ದಾಗಿತ್ತು. ನಾನು ಇವತ್ತು ನಿಮಗೆ ಹೇಳಬೇಕೆಂದಿರುವುದರ ಸಾರವೂ ಇದೇ. ಒಂದು ಲೋಟ ಕಾಫಿ ಎಂದರೆ ಎಂಟು ಲೋಟದ ಎಂಟನೇ ಒಂದು ಭಾಗವಲ್ಲ. ಅದಕ್ಕೆ ಅದರದೇ ಅಳತೆಯ ಪಾತ್ರೆ ಬೇಕು. ಯಾವ ದೇಶದಲ್ಲಿ ಯಾರು ಒಂದು ಲೋಟದ ಸಾಧನ ಕಂಡುಹಿಡಿದರೂ ಅವರು ಬಿಡಿಸಲು ಹೊರಟದ್ದು ಈ ಗಂಟನ್ನೇ.

ಪುಡಿಯೊಳಗೆ ನಡೆಯುವುದೇನು?

ಸ್ವಲ್ಪ ವಿಜ್ಞಾನ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹುರಿದ ಕಾಫಿಬೀಜದಲ್ಲಿ ನೀರಿಗೆ ಕರಗುವ ಅಂಶ ಸುಮಾರು ಶೇಕಡ 30ರಷ್ಟು ಮಾತ್ರ. ಅಷ್ಟನ್ನೂ ತೆಗೆದರೆ ಕಾಫಿ ಕಹಿಯಾಗುತ್ತದೆ. ಶೇಕಡ 18ರಿಂದ 22ರಷ್ಟು ಇಳಿದಾಗ ರುಚಿ ಹದವಾಗಿರುತ್ತದೆ ಎಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಈ ಹದಕ್ಕೆ ಸಿಗಬೇಕಾದರೆ ನಾಲ್ಕು ಸಂಗತಿಗಳು ಹೊಂದಬೇಕು: ಪುಡಿಯ ನುಣುಪು, ನೀರಿನ ಬಿಸಿ, ನೀರು ಪುಡಿಯೊಡನೆ ಕಳೆಯುವ ಹೊತ್ತು, ಮತ್ತು ನೀರನ್ನು ತಳ್ಳುವ ಒತ್ತಡ. ಪುಡಿ ನುಣ್ಣಗಿದ್ದರೆ ಹೊತ್ತು ಕಡಿಮೆ ಸಾಕು. ಒತ್ತಡ ಹೆಚ್ಚಿದ್ದರೆ ಇನ್ನೂ ಕಡಿಮೆ ಸಾಕು. ಒತ್ತಡವೇ ಇಲ್ಲದಿದ್ದರೆ ಕಾಯಬೇಕು. ಲೋಕದ ಕಾಫಿ ಸಾಧನಗಳೆಲ್ಲ ಈ ನಾಲ್ಕರ ಹೊಂದಾಣಿಕೆಗಳೇ.

ನಮ್ಮ ಫಿಲ್ಟರಿನಲ್ಲಿ ಒತ್ತಡ ಇಲ್ಲ. ನೀರು ತನ್ನ ಭಾರದಿಂದಲೇ ಇಳಿಯಬೇಕು. ಅದನ್ನು ನಿಧಾನಗೊಳಿಸುವುದು ಪುಡಿಯ ಹಾಸಿನ ದಪ್ಪ. ಸಣ್ಣ ಬಟ್ಟಲಿನಲ್ಲಿ ಎರಡು ಚಮಚ ಪುಡಿ ಒಂದು ಬೆರಳಿನಷ್ಟು ದಪ್ಪ ಕೂರುತ್ತದೆ. ಅದನ್ನೇ ಅಗಲವಾದ ಬಟ್ಟಲಿಗೆ ಹಾಕಿದರೆ ತಳಕ್ಕೆ ತೆಳುವಾಗಿ ಹರಡಿಕೊಳ್ಳುತ್ತದೆ, ನೀರು ತಡೆಯಿಲ್ಲದೆ ಜಾರಿಹೋಗುತ್ತದೆ. ತಾತನಿಗೆ ಆದದ್ದು ಇದು. ಅಜ್ಜಿ ಎಂಟು ಜನರಿಗೆ ಹಾಕುತ್ತಿದ್ದಾಗ ಪುಡಿಯ ಹಾಸು ದಪ್ಪಗಿತ್ತು. ಅದೇ ಪಾತ್ರೆ, ಅದೇ ಅಂಗಡಿಯ ಪುಡಿ, ಅದೇ ಬಾವಿಯ ನೀರು; ಬದಲಾದದ್ದು ಜನಸಂಖ್ಯೆ ಒಂದೇ.

ಪುಡಿ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಒಂದು ಗ್ರಾಂ ಪುಡಿ ಸುಮಾರು ಎರಡು ಮಿಲಿಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 12 ಗ್ರಾಂ ಪುಡಿಗೆ 80 ಮಿಲಿಲೀಟರ್ ನೀರು ಹಾಕಿದರೆ ಕೆಳಗೆ ಸಿಗುವುದು ಸುಮಾರು 55 ಮಿಲಿಲೀಟರ್. ಒಂದು ಲೋಟಕ್ಕೆ ಅದು ಸರಿಯಾಗಿ ಸಾಕು. ಇನ್ನೂ ಬೇಕೆಂದು ಎರಡನೇ ಸಲ ನೀರು ಸುರಿದರೆ ಸಿಗುವುದು ತೆಳ್ಳನೆಯ ಎರಡನೇ ಡಿಕಾಕ್ಷನ್.

ಪ್ಯಾರಿಸ್ಸಿನಿಂದ ಡ್ರೆಸ್ಡನ್ನಿಗೆ

ಕಾಫಿ ಯುರೋಪಿಗೆ ಹೋದ ಮೇಲೂ ಬಹಳ ಕಾಲ ಅದನ್ನು ಪಾತ್ರೆಯಲ್ಲಿ ಕುದಿಸಿ, ಚರಟ ತಳಕ್ಕೆ ಕೂರಲು ಬಿಟ್ಟು ಬಗ್ಗಿಸಿಕೊಳ್ಳುತ್ತಿದ್ದರು. 1800ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಎರಡು ಅಂತಸ್ತಿನ ಪಾತ್ರೆಯೊಂದು ಬಳಕೆಗೆ ಬಂತು. ಮೇಲಿನ ಭಾಗದ ತಳದಲ್ಲಿ ಸಣ್ಣ ತೂತುಗಳು, ಅದರ ಮೇಲೆ ಪುಡಿ; ಬಿಸಿನೀರು ಸುರಿದರೆ ಕೆಳಗಿನ ಭಾಗಕ್ಕೆ ಕಾಫಿ ಇಳಿಯುತ್ತದೆ. ಆ ಊರಿನ ಆರ್ಚ್‌ಬಿಷಪ್ ಆಗಿದ್ದ ದ ಬೆಲ್ವಾ ಅವರ ಹೆಸರಿನಲ್ಲಿ ಈ ಪಾತ್ರೆ ಪ್ರಸಿದ್ಧವಾಯಿತು. ನಮ್ಮ ಫಿಲ್ಟರನ್ನು ಬಲ್ಲವರಿಗೆ ಇದರ ವಿವರಣೆಯೇ ಬೇಡ. ವಿಯೆಟ್ನಾಂನಲ್ಲಿ ಇಂದಿಗೂ ಬಳಸುವ 'ಫಿನ್' ಎಂಬ ಸಣ್ಣ ಬಟ್ಟಲೂ ಇದೇ ಜಾತಿಯದು. ಅದನ್ನು ನೇರವಾಗಿ ಲೋಟದ ಬಾಯಿಯ ಮೇಲೆಯೇ ಕೂರಿಸುತ್ತಾರೆ, ಕೆಳಗೆ ಮೊದಲೇ ಸಿಹಿ ಮಂದಹಾಲು ಹಾಕಿರುತ್ತಾರೆ. ಒಬ್ಬರಿಗೆ ಒಂದು ಫಿನ್ ಎಂಬುದು ಅಲ್ಲಿಯ ಕ್ರಮ. ಹಾಗೆ ನೋಡಿದರೆ ನಾವು ಕುಟುಂಬಕ್ಕೆ ದೊಡ್ಡದು ಮಾಡಿಕೊಂಡ ಪಾತ್ರೆಯನ್ನು ಅವರು ಒಬ್ಬರಿಗೆಂದು ಸಣ್ಣದಾಗಿ ಉಳಿಸಿಕೊಂಡರು.

ಲೋಹದ ತೂತಿನಿಂದ ಚರಟ ಸ್ವಲ್ಪವಾದರೂ ಇಳಿಯುತ್ತದೆ. ಇದರಿಂದ ಬೇಸತ್ತವರು ಜರ್ಮನಿಯ ಡ್ರೆಸ್ಡನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್. 1908ರಲ್ಲಿ ಆಕೆ ಹಿತ್ತಾಳೆ ಡಬ್ಬಿಯೊಂದರ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಪುಸ್ತಕದಿಂದ ಶಾಯಿ ಹೀರುವ ಬ್ಲಾಟಿಂಗ್ ಕಾಗದ ಹರಿದು ಅದರೊಳಗೆ ಹಾಸಿ, ಮೇಲೆ ಪುಡಿ ಹಾಕಿ ನೀರು ಸುರಿದರು. ತಿಳಿಯಾದ ಕಾಫಿ ಇಳಿಯಿತು. ಅದೇ ವರ್ಷ ಹಕ್ಕು ಪಡೆದು, 73 ಫೆನ್ನಿಗ್ ಬಂಡವಾಳದಲ್ಲಿ ಸಂಸ್ಥೆ ನೋಂದಾಯಿಸಿದರು. ಗಂಡ ಮತ್ತು ಮಕ್ಕಳು ಮಾರಾಟಕ್ಕೆ ನಿಂತರು. ಇಂದು ಲೋಟದ ಮೇಲೆ ಶಂಕುವಿನಾಕಾರದ ಕಾಗದ ಇಟ್ಟು ಕಾಫಿ ಸೋಸುವವರೆಲ್ಲ ಈ ತಾಯಿಯ ಋಣದಲ್ಲಿದ್ದಾರೆ.

ಕಾಗದದಿಂದ ಇನ್ನೊಂದು ಲಾಭವೂ ಇದೆ ಎಂಬುದು ನಂತರ ಗೊತ್ತಾಯಿತು. ಕಾಫಿಯ ಎಣ್ಣೆಯಲ್ಲಿ ರಕ್ತದ ಕೊಲೆಸ್ಟರಾಲ್ ಏರಿಸುವ ಅಂಶಗಳಿವೆ. ಕಾಗದ ಅವನ್ನು ಬಹುಮಟ್ಟಿಗೆ ತಡೆಹಿಡಿಯುತ್ತದೆ. ಕುದಿಸಿ ಬಗ್ಗಿಸಿದ ಕಾಫಿ, ಲೋಹದ ಜಾಲರಿಯ ಪ್ರೆಸ್ ಕಾಫಿಗಳಲ್ಲಿ ಅವು ಉಳಿಯುತ್ತವೆ. ಡಾಕ್ಟರು ಕೊಲೆಸ್ಟರಾಲ್ ಬಗ್ಗೆ ಎಚ್ಚರಿಸಿದ್ದರೆ, ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಇದನ್ನು ಗಮನದಲ್ಲಿಡಬೇಕು.

ಅವಸರದವರ ಶತಮಾನ

ಇಟಲಿಯವರದು ಬೇರೆಯೇ ದಾರಿ. ಅವರಿಗೆ ಕಾಯುವುದು ಬೇಡವಾಗಿತ್ತು. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿಯೇ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. 1901ರಲ್ಲಿ ಲುಯಿಜಿ ಬೆಜ್ಜೆರಾ ಅದನ್ನು ಒಂದೊಂದೇ ಬಟ್ಟಲಿಗೆ ಕಾಫಿ ಇಳಿಸುವಂತೆ ಮಾಡಿದರು. ಎಸ್ಪ್ರೆಸೊ ಹುಟ್ಟಿದ್ದು ಹೀಗೆ. ಈಗಿನ ಎಸ್ಪ್ರೆಸೊ ಯಂತ್ರ ವಾತಾವರಣದ ಒಂಬತ್ತು ಪಟ್ಟು ಒತ್ತಡದಲ್ಲಿ ನೀರನ್ನು ತಳ್ಳಿ, ಅರ್ಧ ನಿಮಿಷದೊಳಗೆ ಕಾಫಿ ಕೊಡುತ್ತದೆ. ಆದರೆ ಅದು ಹೋಟೆಲಿನ ಯಂತ್ರ. ಮನೆಗೆ ಬಂದದ್ದು 1933ರಲ್ಲಿ, ಅಲ್ಫೊನ್ಸೊ ಬಿಯಾಲೆಟ್ಟಿ ಅವರ ಅಲ್ಯೂಮಿನಿಯಂ ಕಾರ್ಖಾನೆಯಿಂದ ಹೊರಬಂದ ಎಂಟು ಮುಖದ 'ಮೋಕಾ' ಪಾತ್ರೆ. ಕೆಳಗೆ ನೀರು, ನಡುವೆ ಪುಡಿ, ಮೇಲೆ ಖಾಲಿ. ಒಲೆಯ ಮೇಲಿಟ್ಟರೆ ಕೆಳಗಿನ ಹಬೆ ನೀರನ್ನು ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಒತ್ತಡ ಹೋಟೆಲ್ ಯಂತ್ರದಷ್ಟು ಇಲ್ಲ, ಆದರೆ ಕಾಫಿ ಗಟ್ಟಿ. ಯುದ್ಧದ ನಂತರ ಅದನ್ನು ಮನೆಮನೆಗೆ ಮುಟ್ಟಿಸಿದವರು ಮಗ ರೆನಾಟೊ ಬಿಯಾಲೆಟ್ಟಿ. 2016ರಲ್ಲಿ ಅವರು ತೀರಿಕೊಂಡಾಗ ಅಸ್ಥಿಯನ್ನು ಒಂದು ದೊಡ್ಡ ಮೋಕಾ ಪಾತ್ರೆಯಲ್ಲಿಯೇ ಇಟ್ಟು ಅಂತ್ಯಕ್ರಿಯೆ ಮಾಡಿದರು.

ಮೋಕಾದಲ್ಲಿಯೂ ನಮ್ಮ ತಾತನ ಪಾಠವೇ ಇದೆ. ಆರು ಬಟ್ಟಲಿನ ಮೋಕಾದಲ್ಲಿ ಒಂದು ಬಟ್ಟಲು ಮಾಡಲು ಹೋದರೆ ಕೆಡುತ್ತದೆ. ಅದು ತುಂಬಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಅದಕ್ಕೇ ಅದನ್ನು ಒಂದು ಬಟ್ಟಲು, ಮೂರು ಬಟ್ಟಲು, ಆರು ಬಟ್ಟಲು ಎಂದು ಬೇರೆಬೇರೆ ಅಳತೆಯಲ್ಲಿ ಮಾರುತ್ತಾರೆ.

ಇಷ್ಟೂ ಬೇಡ, ಪಾತ್ರೆಯೇ ಬೇಡ ಎಂದದ್ದು ಇನ್‌ಸ್ಟಂಟ್ ಕಾಫಿ. 1929ರ ಆರ್ಥಿಕ ಕುಸಿತದ ನಂತರ ಬ್ರೆಜಿಲ್‌ನಲ್ಲಿ ಕೊಳ್ಳುವವರಿಲ್ಲದೆ ಕಾಫಿ ರಾಶಿ ಬಿದ್ದಿತ್ತು. ಅದನ್ನು ಕೆಡದಂತೆ ಬಳಸುವ ದಾರಿ ಹುಡುಕುತ್ತಾ ಸ್ವಿಟ್ಜರ್ಲೆಂಡಿನ ನೆಸ್ಲೆ 1938ರಲ್ಲಿ ನೆಸ್‌ಕೆಫೆಯನ್ನು ಮಾರುಕಟ್ಟೆಗೆ ತಂದಿತು. ಬೇರೆಲ್ಲೋ ಇಳಿಸಿ ಒಣಗಿಸಿದ ಡಿಕಾಕ್ಷನ್ ಅದು. ಸೌಕರ್ಯದಲ್ಲಿ ಅದನ್ನು ಮೀರಿಸುವುದಿಲ್ಲ, ಪರಿಮಳದಲ್ಲಿ ಸೋಲುತ್ತದೆ. ಆಸ್ಪತ್ರೆಯಲ್ಲಿ, ಪ್ರಯಾಣದಲ್ಲಿ, ಮೈ ಹುಷಾರಿಲ್ಲದ ದಿನ ಅದು ಉಪಕಾರಿಯೇ. ಅದನ್ನು ಹೀನಾಯ ಮಾಡಬೇಕಾಗಿಲ್ಲ.

ಗುಂಡಿ ಒತ್ತಿದರೆ ಕಾಫಿ

ಅದೇ ನೆಸ್ಲೆ 1976ರಲ್ಲಿ ಇನ್ನೊಂದು ಪೇಟೆಂಟ್ ಪಡೆಯಿತು. ಎಂಜಿನಿಯರ್ ಎರಿಕ್ ಫಾವ್ರ್ ಅವರ ಯೋಜನೆ ಅದು: ಒಂದು ಲೋಟಕ್ಕೆ ಬೇಕಾದಷ್ಟೇ ಪುಡಿಯನ್ನು ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ತುಂಬಿಡುವುದು, ಯಂತ್ರ ಅದಕ್ಕೆ ತೂತು ಹೊಡೆದು ಬಿಸಿನೀರು ನುಗ್ಗಿಸುವುದು. 1986ರಲ್ಲಿ ನೆಸ್ಪ್ರೆಸೊ ಎಂಬ ಹೆಸರಿನಲ್ಲಿ ಮಾರಾಟ ಆರಂಭವಾಯಿತು. ಅಮೆರಿಕದಲ್ಲಿ ಜಾನ್ ಸಿಲ್ವನ್ ಮತ್ತು ಪೀಟರ್ ಡ್ರಾಗೋನ್ ಎಂಬ ಗೆಳೆಯರು ಕಚೇರಿಗಳ ಹಳಸಿದ ಕಾಫಿಗೆ ಪರಿಹಾರವೆಂದು ಕ್ಯೂರಿಗ್ ಯಂತ್ರ ರೂಪಿಸಿದರು. ಅದು 1998ರಲ್ಲಿ ಕಚೇರಿಗಳಿಗೆ, 2004ರಲ್ಲಿ ಮನೆಗಳಿಗೆ ಬಂತು. ಡಬ್ಬಿ ಇಡಿ, ಗುಂಡಿ ಒತ್ತಿ, ಒಂದು ನಿಮಿಷದಲ್ಲಿ ಕಾಫಿ. ಅಳೆಯುವುದಿಲ್ಲ, ತೊಳೆಯುವುದಿಲ್ಲ.

ಈ ಯಂತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೈ ನಡುಗುವವರಿಗೆ, ಕುದಿನೀರು ಸುರಿಯಲು ಅಂಜುವವರಿಗೆ ಅದು ನಿಜವಾಗಿಯೂ ಸಹಾಯಕ. ಆದರೆ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಬೇಕು. ನೀವು ಯಂತ್ರವನ್ನು ಒಮ್ಮೆ ಕೊಳ್ಳುತ್ತೀರಿ, ಡಬ್ಬಿಯನ್ನು ಪ್ರತಿ ಲೋಟಕ್ಕೂ ಕೊಳ್ಳುತ್ತೀರಿ. ಕಾಲು ಕಿಲೋ ಪುಡಿಯ ಬೆಲೆಯನ್ನೂ, ಇಪ್ಪತ್ತು ಡಬ್ಬಿಯ ಬೆಲೆಯನ್ನೂ ಒಂದು ಕಾಗದದಲ್ಲಿ ಎದುರುಬದುರು ಬರೆದು ನೋಡಿ. ಎರಡರಲ್ಲೂ ಬರುವುದು ಸುಮಾರು ಇಪ್ಪತ್ತು ಲೋಟ.

ಖಾಲಿ ಡಬ್ಬಿಗಳದು ಇನ್ನೊಂದು ಕಥೆ. ಒಳಗೆ ಒದ್ದೆ ಚರಟ, ಹೊರಗೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ. ಬಿಡಿಸಿ ಬೇರ್ಪಡಿಸದೆ ಮರುಬಳಕೆ ಕಷ್ಟ. ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ 2016ರಲ್ಲಿ ಸರ್ಕಾರಿ ಹಣದಿಂದ ಇಂಥ ಡಬ್ಬಿ ಕೊಳ್ಳುವುದನ್ನೇ ನಿಲ್ಲಿಸಿತು. ಕ್ಯೂರಿಗ್ ರೂಪಿಸಿದ ಸಿಲ್ವನ್ ಅವರೇ 2015ರಲ್ಲಿ ಪತ್ರಿಕೆಯೊಂದಕ್ಕೆ ಮಾತನಾಡುತ್ತಾ, ಇದನ್ನು ಮಾಡಿದ್ದಕ್ಕೆ ಕೆಲವೊಮ್ಮೆ ಬೇಸರವಾಗುತ್ತದೆ ಎಂಬ ಅರ್ಥದ ಮಾತು ಹೇಳಿದ್ದರು. ನಮ್ಮ ಫಿಲ್ಟರಿನ ಚರಟವನ್ನು ಗುಲಾಬಿ ಗಿಡದ ಬುಡಕ್ಕೆ ಹಾಕಿದರೆ ಅಲ್ಲಿಗೆ ಮುಗಿಯಿತು.

ತಾತನಿಗೂ ಇಂಥದೊಂದು ಯಂತ್ರ ಬಂತು. ವಿದೇಶದಲ್ಲಿರುವ ಚಿಕ್ಕಪ್ಪ ಪ್ರೀತಿಯಿಂದ ತಂದುಕೊಟ್ಟರು. ಜೊತೆಗೆ ತಂದ ಡಬ್ಬಿಗಳು ಮುಗಿಯುವ ತನಕ ಚೆನ್ನಾಗಿಯೇ ನಡೆಯಿತು. ಆ ಮೇಲೆ ಆ ಬಗೆಯ ಡಬ್ಬಿ ಊರಿನಲ್ಲಿ ಸಿಗಲಿಲ್ಲ. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ಲ, ಕರೆಂಟು ಬೆಳಿಗ್ಗೆ ಹೋದರೆ ಸಂಜೆಗೆ ಬಂದರೂ ಬಂತು. ಬೀದಿಯ ಕೊನೆಯಲ್ಲಿ ಕಾಫಿ ಹುರಿದು ಪುಡಿ ಮಾಡಿಕೊಡುವ ಅಂಗಡಿ, ಊರ ಸುತ್ತ ಕಾಫಿ ತೋಟ. ನಡುವೆ ಡಬ್ಬಿಗಾಗಿ ಕಾಯುತ್ತಾ ಕುಳಿತ ತಾತ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಬೆಳೆಯುವ ರಾಜ್ಯ ನಮ್ಮದು. ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದರೆಂಬ ಐತಿಹ್ಯವೂ ಪಕ್ಕದ ಜಿಲ್ಲೆಯ ಬೆಟ್ಟದ್ದೇ.

ಒಬ್ಬರೇ ಕುಡಿಯುವವರಿಗಾಗಿ

ಈ ಕಥೆಯಲ್ಲಿ ಇತ್ತೀಚೆಗೆ ಸೇರಿದವರು ಅಮೆರಿಕದ ಅಲನ್ ಆಡ್ಲರ್. ಬಹಳ ದೂರ ಹಾರುವ ಆಟದ ಬಳೆಯೊಂದನ್ನು ರೂಪಿಸಿ ಹೆಸರಾದ ಎಂಜಿನಿಯರ್. ಮನೆಯ ಕಾಫಿ ಯಂತ್ರದಲ್ಲಿ ಒಂದೇ ಲೋಟ ಮಾಡಿಕೊಂಡರೆ ಚೆನ್ನಾಗಿರುವುದಿಲ್ಲ ಎಂಬ ತಕರಾರಿನಿಂದಲೇ ಅವರು ಹೊರಟದ್ದು. 2005ರಲ್ಲಿ 'ಏರೋಪ್ರೆಸ್' ಹೊರತಂದರು. ದೊಡ್ಡದೊಂದು ಇಂಜೆಕ್ಷನ್ ಸಿರಿಂಜ್ ಎಂದುಕೊಳ್ಳಿ. ಕೊಳವೆಯ ತಳದಲ್ಲಿ ಸಣ್ಣ ಕಾಗದ, ಒಳಗೆ ಪುಡಿ, ಬಿಸಿನೀರು. ಒಂದೆರಡು ನಿಮಿಷ ಬಿಟ್ಟು ಮೇಲಿನಿಂದ ಒತ್ತಿದರೆ ಕೆಳಗಿನ ಲೋಟಕ್ಕೆ ಕಾಫಿ. ಚರಟ ಒಂದು ಬಿಲ್ಲೆಯಂತೆ ಹೊರಬೀಳುತ್ತದೆ, ತೊಳೆಯುವುದು ಸುಲಭ. ಆದರೆ ಒತ್ತಲು ತೋಳಿನಲ್ಲಿ ಬಲ ಬೇಕು. ಕೀಲುನೋವಿರುವವರು ಅಂಗಡಿಯಲ್ಲಿ ಒಮ್ಮೆ ಒತ್ತಿ ನೋಡಿಯೇ ಕೊಳ್ಳಬೇಕು.

ಹಾಗಾದರೆ ಆರಿಸುವುದು ಹೇಗೆ? ನಾಲ್ಕು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ.

ಮೊದಲನೆಯದು, ನಿಮ್ಮದು ಹಾಲಿನ ಕಾಫಿಯೋ, ಬರೀ ಕಾಫಿಯೋ? ನಮ್ಮ ಕಾಫಿಯಲ್ಲಿ ಹಾಲು ಹೆಚ್ಚು, ಆದ್ದರಿಂದ ಡಿಕಾಕ್ಷನ್ ಗಟ್ಟಿಯಿರಲೇಬೇಕು. ಕಾಗದದಲ್ಲಿ ಸೋಸಿದ ಕಾಫಿ ತಿಳಿಯಾದದ್ದು, ಅದಕ್ಕೆ ಅರ್ಧ ಲೋಟ ಹಾಲು ಸುರಿದರೆ ಸಪ್ಪೆಯಾಗುತ್ತದೆ. ಅದು ಹಾಲಿಲ್ಲದೆ ಕುಡಿಯುವವರಿಗೆ ಸರಿ. ಹಾಲಿನವರಿಗೆ ನಮ್ಮ ಫಿಲ್ಟರು ಅಥವಾ ಮೋಕಾ ಒಪ್ಪುತ್ತದೆ.

ಎರಡನೆಯದು, ನಿಮ್ಮ ಪುಡಿ ಯಾವುದು? ಚಿಕೋರಿ ಬೆರೆಸಿದ ಪುಡಿಯಾದರೆ ಗಮನವಿರಲಿ. ಚಿಕೋರಿ ಎಂಬುದು ಒಂದು ಗಿಡದ ಹುರಿದ ಬೇರು. ಅದರಲ್ಲಿ ಕೆಫೀನ್ ಇಲ್ಲ, ನೀರಿಗೆ ಕರಗುವ ಅಂಶ ಕಾಫಿಗಿಂತ ಬಹಳ ಹೆಚ್ಚು. ಡಿಕಾಕ್ಷನ್‌ಗೆ ಕಪ್ಪು ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕೆ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿರಬೇಕು. ಈ ಪುಡಿ ನೀರು ತಗುಲಿದಾಗ ಉಬ್ಬಿ ದಾರಿ ಕಟ್ಟುತ್ತದೆ. ನಮ್ಮ ಫಿಲ್ಟರಿಗೆ ಅದು ಅನುಕೂಲ, ನೀರು ನಿಧಾನವಾಗುತ್ತದೆ. ಮೋಕಾಗೆ ಅದು ಅಪಾಯ. ನುಣ್ಣನೆಯ ಚಿಕೋರಿ ಪುಡಿ ದಾರಿ ಕಟ್ಟಿದರೆ ಕೆಳಗೆ ಹಬೆ ತುಂಬಿಕೊಳ್ಳುತ್ತದೆ. ಮೋಕಾ ಕೊಳ್ಳುವವರು ಚಿಕೋರಿ ಇಲ್ಲದ, ತುಸು ತರಿಯಾದ ಪುಡಿಯನ್ನೇ ಕೇಳಿ ತರಬೇಕು. ಪುಡಿಯನ್ನು ಒತ್ತಿ ತುಂಬಬಾರದು, ಸೇಫ್ಟಿ ವಾಲ್ವ್ ಕಟ್ಟಿದೆಯೇ ಎಂದು ಆಗಾಗ ನೋಡಬೇಕು.

ಮೂರನೆಯದು, ತೊಳೆಯುವವರು ಯಾರು? ಕಾಫಿ ಮಾಡುವ ಉತ್ಸಾಹ ಎಲ್ಲರಿಗೂ ಇರುತ್ತದೆ, ತೊಳೆಯುವ ಉತ್ಸಾಹ ಇರುವುದಿಲ್ಲ. ಎಷ್ಟು ಬಿಡಿಭಾಗ, ವಾಷರ್ ಹೋದರೆ ನಿಮ್ಮ ಊರಿನಲ್ಲಿ ಸಿಗುತ್ತದೆಯೇ, ನಿಮ್ಮ ಬೆರಳು ಆ ಮೂಲೆ ತಲುಪುತ್ತದೆಯೇ ಎಂದು ನೋಡಿ. ಗಾಜಿನ ಪ್ರೆಸ್‌ಗಳು ನೋಡಲು ಅಂದ, ಒಂದು ದಿನ ಸಿಂಕಿನಲ್ಲಿ ಒಡೆಯುವುದು ಬಹುತೇಕ ಖಚಿತ.

ನಾಲ್ಕನೆಯದೇ ಮುಖ್ಯ. ನೀವು ಕಾಯಲು ಸಿದ್ಧರಿರುವುದು ಯಾವಾಗ? ಫಿಲ್ಟರು ನಿಧಾನ ಎಂದು ನಾವೆಲ್ಲ ದೂರುತ್ತೇವೆ. ಆದರೆ ಅದರ ನಿಧಾನಕ್ಕೆ ನಿಮ್ಮ ಕಾವಲು ಬೇಕಾಗಿಲ್ಲ. ರಾತ್ರಿ ಊಟವಾದ ಮೇಲೆ ಎರಡು ನಿಮಿಷ ಕೊಟ್ಟು ನೀರು ಸುರಿದು ಮುಚ್ಚಿ ಮಲಗಿದರೆ, ಬೆಳಿಗ್ಗೆ ಡಿಕಾಕ್ಷನ್ ನಿಮಗಾಗಿ ಕಾಯುತ್ತಿರುತ್ತದೆ. ಹಾಲು ಕಾಯಿಸಿದರೆ ಮುಗಿಯಿತು. ಯಂತ್ರ ಬೆಳಿಗ್ಗೆ ಒಂದು ನಿಮಿಷ ತೆಗೆದುಕೊಂಡರೆ ಇದು ಹಾಲು ಕಾಯುವಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಆಗತಾನೇ ಇಳಿದ ಡಿಕಾಕ್ಷನ್ನಿನ ಪರಿಮಳ ಇದಕ್ಕಿರುವುದಿಲ್ಲ, ಒಪ್ಪುತ್ತೇನೆ. ಪರಿಮಳವೇ ಬೇಕೆನ್ನುವವರು ಬೆಳಿಗ್ಗೆ ಎದ್ದೊಡನೆ ನೀರು ಸುರಿದು ಹಲ್ಲುಜ್ಜಲು ಹೋಗಬಹುದು. ಸಣ್ಣ ಫಿಲ್ಟರಿನಲ್ಲಿ ಒಂದು ಲೋಟದ ಡಿಕಾಕ್ಷನ್ ಇಳಿಯಲು ಹದಿನೈದಿಪ್ಪತ್ತು ನಿಮಿಷ ಸಾಕು.

ಹೀಗಾಗಿ ಒಬ್ಬರೇ ಇರುವ, ಹಾಲಿನ ಕಾಫಿ ಕುಡಿಯುವ ಮನೆಗೆ ನನ್ನ ಮೊದಲ ಸಲಹೆ ಒಂದೆರಡು ಲೋಟದ ಅತಿ ಸಣ್ಣ ಸ್ಟೀಲ್ ಫಿಲ್ಟರು. ಪಾತ್ರೆ ಅಂಗಡಿಯಲ್ಲಿ ಮೂಲೆಯಲ್ಲಿರುತ್ತದೆ, ಕೇಳಿದರೆ ತೆಗೆದುಕೊಡುತ್ತಾರೆ. ಅದನ್ನು ಬೆಳಕಿಗೆ ಹಿಡಿದು ನೋಡಿ. ತೂತುಗಳು ಸೂಜಿಮೊನೆಯಷ್ಟು ಸಣ್ಣಗೆ, ಒಂದೇ ಸಮನಾಗಿರಬೇಕು. ಮೇಲಿನ ಬಟ್ಟಲು ಕೆಳಗಿನದರ ಮೇಲೆ ಅಲುಗಾಡದೆ ಕೂರಬೇಕು, ಆದರೆ ಬಿಗಿಯಾಗಿ ಕಚ್ಚಿಕೊಳ್ಳಬಾರದು. ಪುಡಿಯನ್ನು ಹಿಡಿಕೆಯ ತಟ್ಟೆಯಿಂದ ಮೆಲ್ಲಗೆ ಸಮ ಮಾಡಿ, ಬಲವಾಗಿ ಒತ್ತಬೇಡಿ. ಕುದಿ ನಿಂತ ತಕ್ಷಣದ ನೀರನ್ನು ಮೊದಲು ಸ್ವಲ್ಪ ಸುರಿದು ಪುಡಿ ನೆನೆಯಲು ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಹಾಕಿ. ತೂತು ಕಟ್ಟಿದರೆ ಬರಿಯ ಮೇಲಿನ ಬಟ್ಟಲನ್ನು ನೀರಿನಲ್ಲಿ ಕುದಿಸಿ ಬ್ರಷ್‌ನಿಂದ ಉಜ್ಜಿ. ಪುಡಿಯನ್ನು ಒಂದೇ ಸಲ ಅರ್ಧ ಕಿಲೋ ತರಬೇಡಿ. ಲೋಟಕ್ಕೆ 12 ಗ್ರಾಂ ಎಂದರೆ 200 ಗ್ರಾಂ ಪುಡಿ ದಿನಕ್ಕೆ ಎರಡು ಲೋಟದಂತೆ ಎಂಟು ದಿನ ಬರುತ್ತದೆ. ವಾರಕ್ಕೊಮ್ಮೆ ಅಂಗಡಿಗೆ ಹೋಗಿಬಂದರೆ ನಡಿಗೆಯೂ ಆಯಿತು, ಹೊಸ ಪುಡಿಯೂ ಆಯಿತು.

ಹಾಲು ಬೇಡದವರಿಗೆ ಕಾಗದದ ಶಂಕು. ಒಲೆ ಹಚ್ಚಿ ಅಲ್ಲಿಯೇ ನಿಲ್ಲಬಲ್ಲವರಿಗೆ ಒಂದು ಬಟ್ಟಲಿನ ಮೋಕಾ. ತೋಳಿನಲ್ಲಿ ಬಲವಿರುವ, ಆಗಾಗ ಪ್ರಯಾಣ ಮಾಡುವ ಕಿರಿಯರಿಗೆ ಏರೋಪ್ರೆಸ್. ಕುದಿನೀರು ಎತ್ತಲಾಗದವರಿಗೆ, ಡಬ್ಬಿ ಸುಲಭವಾಗಿ ಸಿಗುವ ಊರಿನವರಿಗೆ ಗುಂಡಿಯ ಯಂತ್ರ. ಇವುಗಳಲ್ಲಿ ಮೇಲುಕೀಳು ಇಲ್ಲ. ಯಾರ ಕೈಗೆ ಯಾವುದು ಒಗ್ಗುತ್ತದೆ ಎಂಬುದಷ್ಟೇ.

ಕೊನೆಯ ಮಾತು

ಹೋದ ಯುಗಾದಿಗೆ ಸಕಲೇಶಪುರಕ್ಕೆ ಹೋಗುವಾಗ ಒಂದು ಸಣ್ಣ ಫಿಲ್ಟರು ಕೊಂಡುಹೋದೆ. ತಾತ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ, "ಇದೇನು, ಆಟದ ಸಾಮಾನು ತಂದಿದ್ದೀಯ" ಎಂದರು. ರಾತ್ರಿ ಮೂರು ಚಮಚ ಪುಡಿ ಹಾಕಿಸಿ ನೀರು ಸುರಿಸಿದೆ. ನಾನು ಕೈಹಚ್ಚಲಿಲ್ಲ, ಎಲ್ಲವನ್ನೂ ಅವರ ಕೈಯಿಂದಲೇ ಮಾಡಿಸಿದೆ. ಬೆಳಿಗ್ಗೆ ಕೆಳಗಿನ ಬಟ್ಟಲಿನಲ್ಲಿ ಕಪ್ಪಗೆ, ಮಂದವಾಗಿ ಡಿಕಾಕ್ಷನ್ ನಿಂತಿತ್ತು. ಹಾಲು ಬೆರೆಸಿ ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪುಡಿಯ ಹಾಸು, ಬಟ್ಟಲಿನ ಅಗಲ ಎಲ್ಲ ವಿವರಿಸಿದೆ. ಮೇಷ್ಟ್ರಲ್ಲವೇ, ಗಮನವಿಟ್ಟು ಕೇಳಿದರು. ಆ ಮೇಲೆ, "ಹಂಗಾದ್ರೆ ನನ್ನ ಕೈ ಸರಿಯಾಗೇ ಇತ್ತು ಅನ್ನು" ಎಂದರು. ಎರಡನೇ ಗುಟುಕು ಕುಡಿದು, "ಚೆನ್ನಾಗಿದೆ. ಅವಳದಲ್ಲ. ಆದ್ರೆ ಚೆನ್ನಾಗಿದೆ" ಎಂದರು.

ಈಗ ಬೆಳಗಿನ ಕಾಫಿ ಅವರದೇ. ಸಂಜೆಯ ಕಾಫಿಯನ್ನು ಮಾತ್ರ ಮನೆಯಲ್ಲಿ ಮಾಡಿಕೊಳ್ಳುವುದಿಲ್ಲ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ನಡೆದುಹೋಗಿ, ಅಲ್ಲಿ ಸಿಗುವ ಹಳೆಯ ಸಹೋದ್ಯೋಗಿಯ ಜೊತೆ ಬೈಟು ಕುಡಿದು ಬರುತ್ತಾರೆ. "ಮನೇಲೇ ಮಾಡ್ಕೋಬಹುದಲ್ಲ ತಾತ, ಇನ್ನೂ ಚೆನ್ನಾಗಿರುತ್ತೆ" ಎಂದೆ. "ಅದು ಕಾಫಿಗೆ ಹೋಗೋದಲ್ಲ ಕಣೇ" ಎಂದರು.

ಒಂದು ಲೋಟಕ್ಕೆ ಸರಿಯಾದ ಸಾಧನ ಯಾವುದೆಂದು ನನ್ನ ತಿಳಿವಳಿಕೆಯಷ್ಟು ಹೇಳಿದ್ದೇನೆ. ಎರಡನೆಯ ಲೋಟಕ್ಕೆ ಏನು ಬೇಕೆಂಬುದು ಈ ಕೂಟಕ್ಕೆ ತಿಂಗಳು ತಿಂಗಳೂ ಬರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಹಿಂದೆ ದೊಡ್ಡ ಪಾತ್ರೆಯಲ್ಲಿ ಹಾಲು ಕಾಯುತ್ತಿರುವ ವಾಸನೆ ಬರುತ್ತಿದೆ. ಇನ್ನು ತಡೆದರೆ ಉಕ್ಕೀತು.